ಹಿಂದೆ ಉಪ್ಪುಮೂಟೆ, ಮುಂದೆ ಚೀಲ

ಕ್ರೋಧಿ ಸಂವತ್ಸರ, ಮಾಘ ಶುದ್ಧ ದ್ವಾದಶಿ, ಆದಿತ್ಯವಾರ. ಅಂದರೆ ೨೦೨೫ನೆಯ ಇಸವಿಯ ಫೆಬ್ರವರಿ ಒಂಬತ್ತು. ಆಧಾರ, ನನ್ನ ಜೇಬಿನ ದಿನಚರಿ. ಅಂದು ನಾನು ಶ್ರೀರಂಗಪಟ್ಟಣದ ಪೇಟೆಯಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಚೀಲವೊಂದನ್ನು ಕೊಂಡೆ. ಅಂಗಡಿಯ ರಸೀತಿ ಮಾತ್ರ ಎಂಟನೆಯ ತಾರೀಖು ಎನ್ನುತ್ತದೆ. ಎರಡು ಆಧಾರಗಳು ಜಗಳವಾಡಿದರೆ ಮೂರನೆಯದನ್ನು ಕರೆಯುವುದು ನನ್ನ ಹಳೆಯ ಚಾಳಿ. ಎಂಟರಂದು ಏಕಾದಶಿ; ನನ್ನ ಮನೆಯಾಕೆ ಏಕಾದಶಿಯ ದಿನ ಒಲೆಯ ಮೇಲೆ ಅಕ್ಕಿ ಇಡುವವಳಲ್ಲ. ನಾನಾದರೋ ಅವರೆಕಾಳಿನ ಹುಳಿಯಲ್ಲಿ ಅನ್ನ ಕಲಸಿ ಉಂಡು, ಆ ಊಟದ ಮಂಪರಿನಲ್ಲಿಯೇ ಅಂಗಡಿಗೆ ಹೋದದ್ದನ್ನು ನನ್ನ ನಾಲಗೆ ಇನ್ನೂ ಮರೆತಿಲ್ಲ. ಆದ್ದರಿಂದ ಒಂಬತ್ತೇ ಸರಿ. ರಸೀತಿ ಬರೆದವರ ಗೋಡೆಯ ಕ್ಯಾಲೆಂಡರಿನಲ್ಲಿ ಹಿಂದಿನ ದಿನದ ಹಾಳೆಯನ್ನು ಹರಿಯದೆ ಬಿಟ್ಟಿರಬೇಕು. ಒಂದು ಚೀಲಕ್ಕೆ ಇಷ್ಟು ಪಂಚಾಂಗವೇಕೆ ಎಂದು ಓದುಗರು ಕೇಳಬಹುದು. ಮೂವತ್ತೆಂಟು ವರ್ಷ ಕಲ್ಲಿನ ಮೇಲಿನ ತಿಥಿವಾರಗಳನ್ನು ತಾಳೆ ನೋಡುತ್ತ ಕಳೆದವನಿಗೆ ನಿವೃತ್ತಿಯ ಆದೇಶ ಬಂದರೂ ಚಟಕ್ಕೆ ಬರುವುದಿಲ್ಲ ಎಂದಷ್ಟೇ ನನ್ನ ಸಮಾಧಾನ.

ಆ ಮೂವತ್ತೆಂಟು ವರ್ಷವೂ ನನ್ನ ಬಲಹೆಗಲಿನಲ್ಲಿ ಖಾದಿಯ ಜೋಳಿಗೆಯೊಂದು ನೇತಾಡುತ್ತಿತ್ತು. ನಾಗಮಂಗಲದ ಕಡೆಯ ಒಣ ಬೋರೆಗಳಲ್ಲಿ, ತೆಂಗಿನ ತೋಟಗಳ ಅಂಚಿನಲ್ಲಿ, ರಾಗಿ ಹೊಲದ ಬದುವಿನಲ್ಲಿ ಅರ್ಧ ಹೂತುಹೋದ ಶಾಸನದ ಕಲ್ಲುಗಳನ್ನು ಹುಡುಕುತ್ತ ಅಲೆಯುವಾಗ, ಅದರೊಳಗೆ ಕಲ್ಲು ತೊಳೆಯುವ ಬ್ರಷ್ಷು, ಅಚ್ಚು ತೆಗೆಯುವ ಕಾಗದ, ಮಸಿ, ಭೂತಗನ್ನಡಿ, ನೀರಿನ ಬಾಟಲಿ, ಎರಡು ಬಾಳೆಹಣ್ಣು ಇರುತ್ತಿದ್ದವು. ಸಂಜೆಯ ಬಸ್ಸು ಹತ್ತುವ ಹೊತ್ತಿಗೆ ಬಾಳೆಹಣ್ಣಿಗೆ ಮಸಿ ಹತ್ತಿರುತ್ತಿತ್ತು. ಅಚ್ಚಿನ ಕಾಗದಕ್ಕೆ ಬಾಳೆಹಣ್ಣು ಹತ್ತಿರುತ್ತಿತ್ತು. ಗಂಗರ ಕಾಲದ ಒಂದು ವೀರಗಲ್ಲಿನ ಪಾಠದಲ್ಲಿ ನಾನು ಅನುಸ್ವಾರವೆಂದು ಓದಿದ್ದು ಬಾಳೆಹಣ್ಣಿನ ಬೀಜವೆಂದು ತಿಳಿಯಲು ಎರಡು ವರ್ಷ ಬೇಕಾಯಿತು. ತಿದ್ದುಪಡಿಯನ್ನು ಪ್ರಕಟಿಸಿದ್ದೇನೆ, ಕಾರಣವನ್ನು ಪ್ರಕಟಿಸಿರಲಿಲ್ಲ.

ಈ ಚಳಿಗಾಲದಲ್ಲಿ ಕೈ ಎತ್ತಿದರೆ ನೋವು ಬರತೊಡಗಿತು. ಮೂಳೆಯ ವೈದ್ಯರು ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಬಲಹೆಗಲು ಎಡಕ್ಕಿಂತ ತಗ್ಗಾಗಿದೆ, ಇನ್ನು ಏನು ಹೊತ್ತರೂ ಎರಡೂ ಹೆಗಲಿಗೆ ಸಮನಾಗಿ ಹಂಚಿ ಹೊರಬೇಕು ಎಂದರು. ನನ್ನ ದೇಹದ ಬಗ್ಗೆ ಇಂಥದೊಂದು ಮುಖ್ಯವಾದ ಬದಲಾವಣೆ ನನ್ನ ಗಮನಕ್ಕೆ ಬಾರದೆ ನಡೆದುಹೋದದ್ದು ಹೇಗೆಂದು ಬೆರಗಾಗಿ ಇದನ್ನು ನಮ್ಮ ದರ್ಜಿಗೆ ಹೇಳಿದೆ. ಅವರು ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ಬಿಡದೆಯೇ ಹೇಳಿದರು: “ಅದೇನ್ ಒಸಾದಾ ಸಾ? ಇಪ್ಪತ್ತು ವರ್ಸದಿಂದ ನಿಮ್ ಸರ್ಟಿನ ಬಲಗಡೆ ಅರ್ಧ ಇಂಚು ತಗ್ಗಿಸೇ ಒಲಿತಿವ್ನಿ. ನಿಮ್ಗೆ ಬೇಜಾರಾದಾತು ಅಂತ ಏಳಿರ್ನಿಲ್ಲ.”

ನಮ್ಮ ಕೊರತೆಯನ್ನು ಇಪ್ಪತ್ತು ವರ್ಷ ಮೌನವಾಗಿ ತಮ್ಮ ಕೆಲಸದೊಳಗೇ ಸರಿದೂಗಿಸುತ್ತ ಬರುವ ಜನ ಇರುತ್ತಾರೆ ಎಂಬುದು ಅಂದು ನನಗೆ ಬರಿಯ ತಮಾಷೆಯಾಗಿ ಕಂಡಿತು.

ಚೀಲಕ್ಕೆ ಇನ್ನೊಂದು ತುರ್ತು ಇತ್ತು. ಕೃಷ್ಣರಾಜಪೇಟೆಯ ಹತ್ತಿರದ ಹಳ್ಳಿಯಲ್ಲಿ ಮಕ್ಕಳು ಮೊಮ್ಮಕ್ಕಳು ಹಸುಕರುಗಳ ನಡುವೆ ಗದ್ದಲದಲ್ಲಿ ಬಾಳುತ್ತಿರುವ ನನ್ನ ಅಕ್ಕ ಪುಟ್ಟತಾಯಮ್ಮ ಸಂಕ್ರಾಂತಿಯ ಮಾರನೆಯ ದಿನ ಫೋನು ಮಾಡಿ, ತನಗೆ ಕುಂತಿಬೆಟ್ಟ ಹತ್ತಬೇಕಾಗಿದೆ ಎಂದಳು. ಅವಳಿಗೆ ಎಪ್ಪತ್ತನಾಲ್ಕು. ಮಂಡಿ ಇನ್ನೂ ಮಾತು ಕೇಳುತ್ತಿರುವಾಗಲೇ ಒಮ್ಮೆ ಹತ್ತಿಬಿಡಬೇಕೆಂದು ಅವಳ ಹಟ. ನಾನು ಎರಡನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಮಕ್ಕಳನ್ನೆಲ್ಲ ಮೇಷ್ಟರು ಸಾಲಾಗಿ ನಡೆಸಿಕೊಂಡು ಆ ಬೆಟ್ಟಕ್ಕೆ ಹೋಗಿದ್ದರು. ಇಳಿಯುವಾಗ ನನ್ನ ಕಾಲು ಉಳುಕಿತು. ಅಕ್ಕ ನನ್ನನ್ನು ಬೆನ್ನಿಗೆ ಹಾಕಿಕೊಂಡು ಬಂಡೆಯಿಂದ ಬಂಡೆಗೆ ಕುಕ್ಕರಿಸಿ ಕುಕ್ಕರಿಸಿ ಇಳಿಸಿದಳು. ಆ ಸಾಲವನ್ನು ತೀರಿಸುವ ಬಗೆ ಇಲ್ಲವಾದ್ದರಿಂದ, ನೀನು ಕೈಬೀಸಿಕೊಂಡು ಬಾ, ಈ ಸಲ ಹೊರುವುದೆಲ್ಲ ನನ್ನದು ಎಂದು ಮಾತು ಕೊಟ್ಟೆ.

ಅದೇ ತಿಂಗಳು ನನ್ನ ಶಾಸನಗಳ ಪುಸ್ತಕ ಮರುಮುದ್ರಣಕ್ಕೆ ಹೊರಟಿತ್ತು. ಕರಡಚ್ಚು ಬಂದಿತ್ತು. ತಪ್ಪಿದ ತಾರೀಖುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ, ಫೆಬ್ರವರಿ ಮುಗಿಯುವುದರೊಳಗೆ ಮುದ್ರಕರಿಗೆ ಹಿಂದಿರುಗಿಸಬೇಕಿತ್ತು. ಇಡೀ ಪುಸ್ತಕದಲ್ಲಿ ತಿದ್ದುವುದಕ್ಕೆ ಏನೂ ಇಲ್ಲವೆಂದು ನಾನು ಕಣ್ಣು ಹಾಯಿಸಿ ಮುಂದಕ್ಕೆ ಹೋದ ಪುಟ ಒಂದೇ, ಅರ್ಪಣೆಯದು: “ಒಂದೇ ಚೀಲದಲ್ಲಿ ಪುಸ್ತಕವಿಟ್ಟುಕೊಂಡು ನನ್ನೊಡನೆ ಓದಿದ ಅಕ್ಕನಿಗೆ.”

ಇನ್ನು ಅಂಗಡಿಗೆ ಬರೋಣ. ಚೀಲದ ಅಂಗಡಿಯ ರಹಮತ್ ಸಾಹೇಬರಿಗೆ ನನ್ನ ಬೇಡಿಕೆಯನ್ನು ಆದಷ್ಟು ಖಚಿತವಾಗಿ ಮಂಡಿಸಿದೆ. ಬೆಟ್ಟಕ್ಕೂ ಆಗಬೇಕು, ತರಕಾರಿಗೂ ಆಗಬೇಕು. ಗ್ರಂಥಾಲಯಕ್ಕೆ ಹೋದರೆ ಹಿಮಾಲಯಕ್ಕೆ ಹೊರಟವನ ಹಾಗೆ ಕಾಣಬಾರದು. ಬೆಟ್ಟಕ್ಕೆ ಹೋದರೆ ಸೊಪ್ಪು ತರಲು ಬಂದವನ ಹಾಗೆ ಕಾಣಬಾರದು. ಅವರು ನನ್ನನ್ನು ತಿರುಗಿ ನಿಲ್ಲಲು ಹೇಳಿ, ಕತ್ತಿನ ಬುಡದ ಮೂಳೆಯಿಂದ ಸೊಂಟದವರೆಗೆ ಗೇಣು ಹಾಕಿದರು. ನಾನು ಗೂಟಕ್ಕೆ ನೇತುಹಾಕಿದ್ದ ಹಸುರು ಚೀಲವೊಂದನ್ನು ತೋರಿಸಿದೆ. ಅವರು ಬೇಡವೆಂದು ತಲೆಯಾಡಿಸಿದರು.

“ಬೆನ್ನು ನೋಡಿ ಬ್ಯಾಗ್ ಕೊಡ್ಬೋದು ಸಾರ್. ಬ್ಯಾಗ್ ನೋಡಿ ಬೆನ್ನು ಕೊಡಕ್ಕಾಗ್ತದಾ?”

ಚೀಲಗಳನ್ನು ಲೀಟರಿನಲ್ಲಿ ಅಳೆಯುತ್ತಾರೆಂಬುದು ನನಗೆ ಅಂದು ತಿಳಿಯಿತು. ಇದು ಹದಿನೈದು ಲೀಟರು, ಇದು ಇಪ್ಪತ್ತೆರಡು, ಅದು ಮೂವತ್ತು ಎಂದು ಅವರು ಹಾಲಿನ ಡೇರಿಯವರಂತೆ ಹೇಳುತ್ತ ಹೋದಾಗ ನನ್ನ ಮನಸ್ಸು ಅಂಗಡಿಯಿಂದ ಜಾರಿ ಎತ್ತಲೋ ಹೊರಟುಹೋಯಿತು. ನಮ್ಮ ಶಾಸನಗಳಲ್ಲಿ ಗದ್ದೆಯನ್ನೇ ಧಾನ್ಯದ ಅಳತೆಯಲ್ಲಿ ಹೇಳುತ್ತಾರೆ. ಇಷ್ಟು ಖಂಡುಗ ಬಿತ್ತುವ ನೆಲ, ಇಷ್ಟು ಕೊಳಗ ಬಿತ್ತುವ ನೆಲ ಎಂದು. ಭೂಮಿಯೂ ಒಂದು ಚೀಲವೇ. ಎಷ್ಟು ಕಾಳು ಹಿಡಿಯುತ್ತದೆ ಎಂಬುದೇ ಅದರ ವಿಸ್ತಾರ. ಹಾಗಿದ್ದರೆ ಇಪ್ಪತ್ತೆರಡು ಲೀಟರಿಗೆ ಎಷ್ಟು ಸೇರು? ನನ್ನ ತಲೆಯೊಳಗೆ ಲೆಕ್ಕ ಆರಂಭವಾಯಿತು. ಆದರೆ ಸೇರು ಊರಿಂದೂರಿಗೆ ಬೇರೆಯಾಗಿತ್ತೆಂಬ ಅಡ್ಡಿ ಎದುರಾಗಿ ಲೆಕ್ಕ ನಿಂತಿತು. ನಮ್ಮ ಅವ್ವ ರಾಗಿ ಅಳೆಯುತ್ತಿದ್ದ ಹಿತ್ತಾಳೆಯ ಸೇರಿನ ತಳ ತಗ್ಗಾಗಿತ್ತು. ಆ ತಗ್ಗಿನಲ್ಲಿ ಉಳಿದ ಹಿಡಿರಾಗಿ ಅಳೆಸಿಕೊಂಡವರಿಗೆ ಸೇರಬೇಕೋ ಅಳೆದವರಿಗೆ ಸೇರಬೇಕೋ ಎಂಬುದು ನಮ್ಮ ಬೀದಿಯಲ್ಲಿ ಬಗೆಹರಿಯದ ಪ್ರಶ್ನೆ.

ಕಣ್ಣು ತೆರೆದಾಗ ಹೊಸ ರೆಕ್ಸಿನ್ನಿನ ವಾಸನೆಯ ನಡುವೆ ಸಾಹೇಬರು ಇಪ್ಪತ್ತೆರಡು ಲೀಟರಿನ ಬೂದುಬಣ್ಣದ ಚೀಲವನ್ನು ನನ್ನ ಬೆನ್ನಿಗೆ ಏರಿಸಿಯಾಗಿತ್ತು. ಅದರೊಳಗೆ ಹಳೆಯ ದಿನಪತ್ರಿಕೆಗಳ ಕಟ್ಟುಗಳನ್ನು ತುಂಬಿದ್ದರು. ಬರಿ ಚೀಲವನ್ನು ಹೊತ್ತು ನೋಡುವುದು ಬಿತ್ತದೆ ಬೆಳೆ ನೋಡಿದ ಹಾಗೆ ಎಂಬುದು ಅವರ ವಾದ. ಹೆಗಲಪಟ್ಟಿಯನ್ನು ಎಳೆದು ಬಿಗಿದರು. ಎದೆಯ ಮುಂದೆ ಒಂದು ಸಣ್ಣ ಪಟ್ಟಿ, ಸೊಂಟಕ್ಕೊಂದು ಪಟ್ಟಿ. ಸೊಂಟದ್ದನ್ನು ಸಿಕ್ಕಿಸಿದೊಡನೆ ಹೆಗಲಿನ ಭಾರ ಇಳಿದು ನಡುವಿಗೆ ಹೋಯಿತು. ಕೊಡ ಹೊರುವ ಹೆಂಗಸರು ಈ ತತ್ತ್ವವನ್ನು ಎಂದೋ ಬಲ್ಲರು. ಪಕ್ಕದ ಜೇಬಿನಿಂದ ನೀರಿನ ಬಾಟಲಿಯನ್ನು ಚೀಲ ಇಳಿಸದೆ ತೆಗೆಯಬರಬೇಕು ಎಂದರು; ತೆಗೆದು ತೋರಿಸಿದೆ, ಹಿಂದಕ್ಕೆ ಇಡಲಾಗಲಿಲ್ಲ. ಒಳಗೆ ಬೆನ್ನಿಗೆ ತಾಗುವ ಕಡೆ ಮೆತ್ತೆಯ ಅರೆಯೊಂದಿತ್ತು, ಲ್ಯಾಪ್‌ಟಾಪಿಗೆ. ನನ್ನಲ್ಲಿ ಅದಿಲ್ಲ; ಆದರೆ ಕರಡಚ್ಚಿನ ಕಟ್ಟು ಅಳೆದು ಮಾಡಿಸಿದ ಹಾಗೆ ಅಲ್ಲಿ ಕೂರುತ್ತದೆಂದು ಕಂಡಿತು. ಕೊನೆಗೆ ಮೇಲ್ಗಡೆ ಕತ್ತಿನ ಹತ್ತಿರ ಹೊಲಿದ ಕುಣಿಕೆಯನ್ನು ಹಿಡಿದು ಸಾಹೇಬರು ನನ್ನನ್ನೇ ಹಿಂದಕ್ಕೆ ಜಗ್ಗಿದರು. “ಹೊಲಿಗೆ ನೋಡಿ ಸಾರ್. ಮನುಷ್ಯನ್ನೇ ಎಳೆದ್ರೂ ಕಿತ್ಕೊಳ್ಳಲ್ಲ.”

ಇಷ್ಟರಲ್ಲಿ ಅವರು ಇನ್ನೊಂದು ಚೀಲವನ್ನು ತಮ್ಮ ಎದೆಯ ಮೇಲೆ ಹಾಕಿಕೊಂಡು ನಿಂತರು. ಮೈಸೂರಿನ ಬಸ್ಸಿನಲ್ಲಿ ನೂಕುನುಗ್ಗಲಾದರೆ ಈಗಿನವರು ಹೀಗೆ ಮುಂದೆ ಹಾಕಿಕೊಳ್ಳುತ್ತಾರಂತೆ. ಜೇಬುಗಳ್ಳರ ಭಯವಿಲ್ಲ, ಹಿಂದಿನವರ ಬೈಗುಳವೂ ಇಲ್ಲ. ಎದೆಯ ಮೇಲೆ ಚೀಲ ತೂಗುತ್ತ, ಎರಡು ಕೈಗಳನ್ನು ಹಿಂದಕ್ಕೆ ಕಟ್ಟಿ ಅವರು ನಿಂತ ಭಂಗಿಯನ್ನು ನೋಡಿದೆ. ಅಂಗಡಿ, ಬೀದಿ, ಆಟೋಗಳ ಸದ್ದು ಎಲ್ಲ ಹಿಂದೆ ಸರಿದವು.

ಅಕ್ಕ ಹಾಗೆಯೇ ನಡೆಯುತ್ತಿದ್ದಳು. ಪಾಂಡವಪುರದ ಆಚೆಯ ನಮ್ಮ ಹಳ್ಳಿಯಿಂದ ಶಾಲೆಯಿರುವ ಊರಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಅದನ್ನು ದಾಟಿದರೆ ಕಬ್ಬಿನ ಗದ್ದೆಗಳ ನಡುವಿನ ಬದು. ಹಳ್ಳದ ದಂಡೆಯಲ್ಲಿ ಅವಳು ಬೆನ್ನು ಬಗ್ಗಿಸಿ ನಿಲ್ಲುತ್ತಿದ್ದಳು, ನಾನು ಹತ್ತುತ್ತಿದ್ದೆ. ಮಕ್ಕಳನ್ನು ಹೀಗೆ ಬೆನ್ನಿಗೆ ಹಾಕಿಕೊಳ್ಳುವುದಕ್ಕೆ ನಮ್ಮಲ್ಲಿ ಉಪ್ಪುಮೂಟೆ ಎನ್ನುತ್ತಾರೆ. ಅದೊಂದು ಆಟವೂ ಹೌದು. ಹೊತ್ತವರು “ಉಪ್ಪು ಬೇಕೇನ್ರವ್ವಾ ಉಪ್ಪು” ಎಂದು ಕೂಗುತ್ತ ಹೋಗಬೇಕು; ಎದುರಾದವರು ಸೇರು ಹೇಗೆ ಎಂದು ಕೇಳಬೇಕು; ಚೌಕಾಸಿ ಕುದುರದೆ ಮೂಟೆಯನ್ನು ಯಾರೂ ಕೊಳ್ಳಬಾರದು. ನಮ್ಮ ಮನೆಯಲ್ಲಿ ಇದ್ದ ಶಾಲೆಯ ಚೀಲ ಒಂದೇ. ಅಪ್ಪನ ಹಳೆಯ ಖಾಕಿ ಚಡ್ಡಿಯ ಹೊಲಿಗೆ ಬಿಚ್ಚಿ ಅವ್ವ ಹೊಲಿದದ್ದು. ಒಂದು ಕಾಲಿನ ಗುಂಡಿ ಅದರ ಮೇಲೆ ಹಾಗೆಯೇ ಉಳಿದಿತ್ತು. ಬೆನ್ನಿನಲ್ಲಿ ನಾನಿದ್ದುದರಿಂದ ಚೀಲದ ಪಟ್ಟಿಯನ್ನು ಅಕ್ಕ ಕತ್ತಿಗೆ ಹಾಕಿಕೊಂಡು ಮುಂದೆ ಇಳಿಬಿಡುತ್ತಿದ್ದಳು. ಹಿಂದೆ ಉಪ್ಪುಮೂಟೆ, ಮುಂದೆ ಚೀಲ. ಅವಳ ಒಂದೊಂದು ಹೆಜ್ಜೆಗೂ ಒಳಗಿನ ಸ್ಲೇಟು ಟಕ್ಕೆಂದು ಅವಳ ಎದೆಗೆ ಬಡಿಯುತ್ತಿತ್ತು. ನನಗೆ ಕಾಣುತ್ತಿದ್ದುದು ಹರಳೆಣ್ಣೆ ಹಚ್ಚಿದ ಜಡೆಯ ಬುಡ, ಕಿವಿಯ ಓಲೆ, ಅದರಾಚೆ ತೂಗುತ್ತ ತೇಲುತ್ತ ಹತ್ತಿರ ಬರುವ ಲೋಕ. ಬೆಲ್ಲ ಕುದಿಯುವ ಆಲೆಮನೆಯ ವಾಸನೆ ಬಂದರೆ ಶಾಲೆ ಹತ್ತಿರವಾಯಿತೆಂದು ಅರ್ಥ. ಆಮೇಲೆ ನನಗೆ ಗೊತ್ತಾಗುತ್ತಿದ್ದುದು ಮೇಷ್ಟರ ಗಂಟೆಯೊಂದೇ. ಬಹುಶಃ ನಾನು ನಿದ್ದೆ ಹೋಗುತ್ತಿದ್ದೆ. ಜಗತ್ತನ್ನು ನಾನು ಮೊದಲು ನೋಡಿದ ಎತ್ತರ ನನ್ನದಲ್ಲ, ಅಕ್ಕನ ಹೆಗಲಿನದು.

ತರಗತಿಯೊಳಗಿನ ಒಂದು ಚಿತ್ರವೂ ಅಷ್ಟೇ ಸ್ಪಷ್ಟವಾಗಿದೆ. ಎಲ್ಲ ತರಗತಿಗಳೂ ಒಂದೇ ಕೊಠಡಿಯಲ್ಲಿ. ನಾನು ಮುಂದೆ, ಅಕ್ಕ ಕಿಟಕಿಯ ಪಕ್ಕದಲ್ಲಿ. ಬೆಳಕು ಅವಳ ಒಂದು ಕೆನ್ನೆಯ ಮೇಲೆ. ಮಗ್ಗಿ ಹೇಳುವಾಗ ಅವಳ ತುಟಿಯೂ ಅಲುಗುತ್ತಿತ್ತು.

“ಸಾರ್, ತಕೊಂಡ್ರಾ ಬಿಟ್ರಾ?” ಎಂದು ಸಾಹೇಬರು ಕೇಳಿದಾಗ ತಕೊಂಡೆ ಎಂದೆ. ಹಸುರು ಚೀಲದ ಆಸೆಯನ್ನು ಬಿಟ್ಟು ಬೂದುಬಣ್ಣದ ಇಪ್ಪತ್ತೆರಡು ಲೀಟರನ್ನು ಹೊತ್ತು ಮನೆಗೆ ಬಂದೆ. ವಾರವೆಲ್ಲ ಅದರಲ್ಲಿ ತರಕಾರಿ ತಂದು ಅಭ್ಯಾಸ ಮಾಡಿದೆ. ಬದನೆಕಾಯಿಯ ತೊಟ್ಟು ಚುಚ್ಚದಂತೆ, ಟೊಮೇಟೊ ಅಪ್ಪಚ್ಚಿಯಾಗದಂತೆ ತುಂಬುವುದು ಶಾಸನದ ಅಚ್ಚು ಒಯ್ಯುವುದಕ್ಕಿಂತ ಸೂಕ್ಷ್ಮವಾದ ವಿದ್ಯೆ. ಭಾರವಾದದ್ದು ಬೆನ್ನಿಗೆ ಹತ್ತಿರ, ಹಗುರವಾದದ್ದು ದೂರ ಎಂಬ ಸೂತ್ರವನ್ನು ಮೂರು ದಿನದಲ್ಲಿ ನಾನೇ ಕಂಡುಕೊಂಡು ಮನೆಯಾಕೆಗೆ ಹೇಳಿದಾಗ, ಅವಳು ಇದಕ್ಕಾಗಿಯೇ ಕಾದಿದ್ದವಳಂತೆ ಮರುದಿನ ಕುಂಬಳಕಾಯಿ ತರಿಸಿದಳು.

ಮುಂದಿನ ಭಾನುವಾರ ಬೆಳಗಿನ ಬಸ್ಸಿನಲ್ಲಿ ನಾನು ಪಾಂಡವಪುರಕ್ಕೆ ಹೋದೆ. ಅಕ್ಕ ಕೃಷ್ಣರಾಜಪೇಟೆಯ ಕಡೆಯಿಂದ ನನಗಿಂತ ಮುಂಚೆಯೇ ಬಂದು ಇಳಿದು, ನಿಂತ ಬಸ್ಸುಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತ ನಿಂತಿದ್ದಳು. ಬೋರ್ಡು ಓದುವುದು ಅವಳಿಗೆ ಇಷ್ಟ. ಹೋಗದ ಊರಿನ ಬಸ್ಸಿನದನ್ನೂ ಓದುತ್ತಾಳೆ. ನನ್ನನ್ನು ನೋಡಿದವಳು ಮೊದಲು ಸುತ್ತು ಹಾಕಿ ಹಿಂದಿನಿಂದ ಚೀಲವನ್ನು ಪರೀಕ್ಷಿಸಿದಳು.

“ಅದೇನ್ಲಾ ಸಣ್ಣಪ್ಪ, ಬೆನ್ ಮ್ಯಾಲೆ ಕೂಸು ಕುಂತಂಗದೆ? ಉಪ್ಪು ಎಂಗೆ ಸೇರು?”

“ಸೇರಿನ ಲೆಕ್ಕ ಇಲ್ಲ ಕಣಕ್ಕ. ಇಪ್ಪತ್ತೆರಡು ಲೀಟ್ರು ಅದೆ, ಒಟ್ಗೆ ತಕೊ.”

“ನಿನ್ ಉಪ್ಪು ಯಾರ್ಗ್ ಬೇಕು. ಕಲ್ಲೇ ತುಂಬ್ಕೊಂಡು ಬಂದಿರ್ತೀಯ.”

ಬೆಟ್ಟದ ಬುಡದಲ್ಲಿ ಅವಳು ಚಪ್ಪಲಿ ಬಿಟ್ಟಳು. ಅವನ್ನೂ ಕಾಗದದಲ್ಲಿ ಸುತ್ತಿ ಚೀಲದ ಮುಂದಿನ ಜೇಬಿಗೆ ಸೇರಿಸಿದೆ. ಒಳಗೆ ಎರಡು ಬಾಟಲಿ ನೀರು, ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಕೊಡೆ, ಅವಳ ಮಂಡಿಗೆ ಹಚ್ಚುವ ಮುಲಾಮು, ಮೆತ್ತೆಯ ಅರೆಯಲ್ಲಿ ಕರಡಚ್ಚು. ಬಿಸಿಲು ಇನ್ನೂ ಎಳೆಯದು. ಬಂಡೆಯ ಮೇಲೆ ಅಕ್ಕ ಬರಿಗಾಲಿನಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಏನೂ ಇಲ್ಲದೆ ಹತ್ತಿದಳು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಿಂದಕ್ಕೆ ಕಟ್ಟಿದಳು, ಮುಂದಕ್ಕೆ ತಂದಳು, ಕೊನೆಗೆ ಒಂದು ಒಣಕಡ್ಡಿ ಎತ್ತಿಕೊಂಡಳು. ನಾನು ಸೊಂಟದ ಪಟ್ಟಿಯ ಮಹಿಮೆಯನ್ನು ವಿವರಿಸುತ್ತ ಏದುಸಿರು ಬಿಟ್ಟೆ. ಅವಳು ನಡುನಡುವೆ ನಿಂತದ್ದು ತನ್ನ ಮಂಡಿಗಾಗಿಯೋ ನನ್ನ ಉಸಿರಿಗಾಗಿಯೋ ಎಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ.

ಅರ್ಧ ದಾರಿಗಿಂತ ಮೇಲೆ, ಬಂಡೆಯೊಂದರ ನೆರಳಿನಲ್ಲಿ ಕೂತೆವು. ಕೆಳಗೆ ಕಬ್ಬಿನ ಗದ್ದೆಗಳು, ತೆಂಗು, ಕೆರೆಯ ನೀರು ಮಂಜಿನಲ್ಲಿ ಒಂದಕ್ಕೊಂದು ಬೆರೆತು, ಎಲ್ಲಿ ಯಾವ ಊರಿನ ಎಲ್ಲೆ ಮುಗಿಯಿತೆಂದು ಕಾಣುತ್ತಿರಲಿಲ್ಲ. ರೊಟ್ಟಿ ತೆಗೆಯಲು ಹೋದಾಗ ಕರಡಚ್ಚು ಹೊರಗೆ ಜಾರಿತು. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಹಾಳೆಗಳನ್ನು ತಿರುವಿದಳು. ನಾನು ಆ ಪುಟವನ್ನು ತೋರಿಸಿದೆ. ಇಷ್ಟು ವರ್ಷ ಆ ಪುಸ್ತಕ ಅವಳ ಮನೆಯ ಗಾಜಿನ ಬೀರುವಿನಲ್ಲಿದ್ದರೂ ಯಾರೂ ತೆರೆದು ತೋರಿಸಿರಲಿಲ್ಲ. ಅವಳು ಬಸ್ಸಿನ ಬೋರ್ಡು ಓದುವ ಹಾಗೆ, ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ ಓದಿದಳು. ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದಳು.

“ಇದು ಸುಳ್ಳು ಕಣ್ಲಾ.”

ನಾನು ನಕ್ಕೆ. ಯಾವುದು ಸುಳ್ಳು ಎಂದೆ.

“ಓದ್ದೆ ಅಂತ ಬರ್ದಿದ್ದೀಯಲ್ಲ, ಅದು. ನಿನ್ ಜೊತೆಲಿ ನಾನ್ಯಾವತ್ಲಾ ಓದ್ದೆ? ಚೀಲ ನಿಂದು. ಒರೋದು ನಾನು.”

ನಾನು ಶಾಸನದ ಪಾಠವನ್ನು ಸಮರ್ಥಿಸುವವನ ಹಾಗೆ ನನ್ನ ಸಾಕ್ಷ್ಯಗಳನ್ನು ಒಂದೊಂದಾಗಿ ಮುಂದಿಟ್ಟೆ. ಹಳ್ಳ, ಬದು, ಸ್ಲೇಟಿನ ಸದ್ದು, ಕಿಟಕಿಯ ಪಕ್ಕ ಅವಳ ಕೆನ್ನೆಯ ಮೇಲಿನ ಬೆಳಕು. ಎಲ್ಲಕ್ಕಿಂತ ಮುಖ್ಯವಾಗಿ, ಇದೇ ಬೆಟ್ಟದ ಬುಡದಲ್ಲಿ ಮೇಷ್ಟರು ಹಾಜರಿ ಹಾಕುವಾಗ ‘ಪುಟ್ಟತಾಯಿ’ ಎಂದು ಗಟ್ಟಿಯಾಗಿ ಕೂಗಿದ್ದು. ಆ ಕೂಗನ್ನು ನನ್ನ ಕಿವಿ ಇಂದಿಗೂ ಕೇಳುತ್ತದೆ ಎಂದೆ.

“ಕೂಗಿದ್ದು ದಿಟ. ಆಜರಿಗಲ್ಲ ಕಣಪ್ಪ. ‘ಪುಟ್ಟತಾಯಿ, ನೀನ್ಯಾಕ್ ಬಂದೆ, ಮನೆಗೋಗು’ ಅಂತ ಕೂಗಿದ್ದು. ಮಗ ಬಂಡೆ ಮ್ಯಾಲಿಂದ ಬಿದ್ದುಗಿದ್ದಾನು, ಇಂದೆ ಓಗು ಅಂತ ಅವ್ವ ಕಳ್ಸಿದ್ಲು. ಮೇಷ್ಟ್ರು ತಿರುಗೋಗಂಟ ಒಂದ್ ಕಲ್ಲಿನ ಮರೆಲಿ ಕುಂತಿದ್ದು, ಆಮ್ಯಾಕೆ ಬೆಟ್ಟ ಅತ್ತಿದೆ.”

ನಾನು ಒಪ್ಪಲಿಲ್ಲ. ನಿನಗೂ ವಯಸ್ಸಾಯಿತು, ಎರಡು ಮೂರು ದಿನದ ನೆನಪುಗಳು ಒಂದರೊಳಗೊಂದು ಸೇರಿಹೋಗಿರುತ್ತವೆ, ಬಾಯಿಮಾತಿನ ಸಾಕ್ಷ್ಯದಲ್ಲಿ ಇದು ಸಾಮಾನ್ಯ ಎಂದೆ. ಈ ಮಾತನ್ನು ನಾನು ಎಷ್ಟೋ ಹಳ್ಳಿಗಳಲ್ಲಿ ಎಷ್ಟೋ ಹಿರಿಯರಿಗೆ ಹೇಳಿದ್ದೇನೆ. ಅಕ್ಕ ಸಿಟ್ಟಾಗಲಿಲ್ಲ. ಹಾಳೆಗಳನ್ನು ಅಂಚು ಸರಿಮಾಡಿ ಜೋಡಿಸಿ ಕೈಗೆ ಕೊಟ್ಟಳು.

“ಕಲ್ಲಲ್ಲಿ ಬರ್ದಿದ್ರೆ ನಂಬ್ತೀಯ, ನಾನು ಬಾಯಲ್ಲಿ ಏಳಿದ್ರೆ ನಂಬಕ್ಕಿಲ್ಲ. ಬುಡು. ಮೊಮ್ಮಕ್ಳು ನಾಳೆ ಇದ್ನ ಓದಿ, ಅಜ್ಜಿ ಇಸ್ಕೂಲಲ್ಲಿ ಏನೇನ್ ಕಲ್ತೆ ಅಂತ ಕೇಳುದ್ರೆ ನಾನೇನ್ ಏಳ್ಲಿ? ಓದ್ದೆ ಅಂತ ಬರೀಬ್ಯಾಡ. ಒತ್ಕೊಂಡಿದ್ದೆ ಅಂತ ಬರಿ. ಅದು ದಿಟ.”

ಅರ್ಪಣೆಯ ಪುಟದಲ್ಲಿ ಒಂದು ಪದ ಬದಲಾಯಿಸುವುದು ಏನು ದೊಡ್ಡದು ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಆ ಪದವನ್ನು ತೆಗೆದರೆ ನನ್ನ ಬಾಲ್ಯದ ಕಿಟಕಿಯ ಪಕ್ಕದಿಂದ ಅಕ್ಕನನ್ನು ಎಬ್ಬಿಸಿ ಹೊರಗೆ ಕಳುಹಿಸಿದಂತೆ. ಬಿಟ್ಟರೆ ಅವಳು ಬಾಳದ ಬದುಕೊಂದನ್ನು ಅವಳ ಹೆಸರಿಗೆ ಅಚ್ಚು ಹಾಕಿಸಿದಂತೆ. ನಾನು ರೊಟ್ಟಿ ಮುರಿದೆ.

ತುದಿಯನ್ನು ಮುಟ್ಟಿದೆವು. ಅಲ್ಲಿ ಅಕ್ಕ ನಾಲ್ಕೂ ದಿಕ್ಕಿಗೆ ಕೈ ಮುಗಿದು, ನಮ್ಮ ಹಳ್ಳಿ ಯಾವ ಕಡೆ ಎಂದು ಕೇಳಿದಳು. ನಾನು ಭೂಪಟದ ಜ್ಞಾನದಿಂದ ಒಂದು ಕಡೆ ತೋರಿಸಿದೆ. ಅವಳು ಆಲೆಮನೆಯ ಹೊಗೆ ಏಳುತ್ತಿದ್ದ ಇನ್ನೊಂದು ಕಡೆ ನೋಡುತ್ತ ನಿಂತಳು. ಇಳಿಯುವಾಗ ಅವಳ ಮಂಡಿ ಮಾತು ಕೇಳಲಿಲ್ಲ. ನಾನು ಮುಂದೆ, ಅವಳು ಹಿಂದೆ. ಕಡಿದಾದ ಬಂಡೆ ಬಂದಾಗ ನನ್ನ ಚೀಲದ ಮೇಲ್ಗಡೆಯ ಕುಣಿಕೆಯಲ್ಲಿ ಅವಳ ಬೆರಳುಗಳು ತೂರಿಕೊಂಡವು. ಸಾಹೇಬರು ಹೇಳಿದ್ದು ನಿಜ, ಹೊಲಿಗೆ ಕಿತ್ತುಬರಲಿಲ್ಲ. ಅವಳು ಹೆಜ್ಜೆ ಇಟ್ಟಾಗಲೆಲ್ಲ ಅವಳ ತೂಕ ಚೀಲದ ಪಟ್ಟಿಗಳ ಮೂಲಕ ನನ್ನ ಎರಡೂ ಹೆಗಲಿಗೆ ಸಮನಾಗಿ ಬರುತ್ತಿತ್ತು. ಬೆನ್ನ ಹಿಂದೆ, ಕತ್ತಿನ ಹತ್ತಿರ, ಅವಳ ಉಸಿರು.

“ಉಪ್ಪು ಬೇಕೇನ್ರವ್ವಾ,” ಎಂದೆ, ಯಾರೂ ಇಲ್ಲದ ಬೆಟ್ಟಕ್ಕೆ.

“ಸುಮ್ನೆ ಕೆಳೀಕ್ ನೋಡ್ಕೊಂಡ್ ನಡಿ,” ಎಂದಳು ಅಕ್ಕ.

ಕರಡಚ್ಚನ್ನು ಹಿಂದಿರುಗಿಸುವ ಗಡುವಿಗೆ ಇನ್ನೂ ದಿನಗಳಿದ್ದವು. ಫೆಬ್ರವರಿ ಹತ್ತೊಂಬತ್ತು, ಬುಧವಾರ, ಅದೇ ಚೀಲವನ್ನು ಹೊತ್ತು ನಾನು ಓದಿದ ಶಾಲೆಗೆ ಹೋದೆ. ಅಕ್ಕನ ಮಾತನ್ನು ಪರೀಕ್ಷಿಸಲು ಹೊರಟ ನಾಚಿಕೆ ಸ್ವಲ್ಪ ಇತ್ತು. ನಾನೇ ಸರಿ ಎಂಬ ನಂಬಿಕೆ ಅದಕ್ಕಿಂತ ಹೆಚ್ಚಾಗಿತ್ತು. ಮುಖ್ಯೋಪಾಧ್ಯಾಯಿನಿಯವರು ಆದರದಿಂದ ಕೂರಿಸಿದರು. ಹಾಜರಿ ಪುಸ್ತಕಗಳು ಅಷ್ಟು ಹಿಂದಿನವು ಉಳಿದಿಲ್ಲವಂತೆ. ದಾಖಲಾತಿ ಪುಸ್ತಕವೊಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಗೆದ್ದಲಿಗೆ ಸಿಗದೆ ಇತ್ತು. ಅದನ್ನು ಅವರು ಹುಡುಕಿ ತರುವಷ್ಟರಲ್ಲಿ ನಾನು ಹಳೆಯ ಕೊಠಡಿಯನ್ನು ನೋಡಿದೆ. ಕಿಟಕಿ ಈಗಲೂ ಇದೆ. ಅದರ ಹೊರಗೆ, ಗೋಡೆಯ ಬುಡದಲ್ಲಿ, ಕಲ್ಲಿನ ಜಗಲಿಯೊಂದಿದೆ. ಹತ್ತು ವರ್ಷದ ಹುಡುಗಿ ಅದರ ಮೇಲೆ ನಿಂತರೆ ಅವಳ ಮುಖ ಸರಿಯಾಗಿ ಕಿಟಕಿಯ ಸರಳುಗಳ ಎತ್ತರಕ್ಕೆ ಬರುತ್ತದೆ. ಅಕ್ಕ ಕಿಟಕಿಯ ಪಕ್ಕದಲ್ಲಿದ್ದಳೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಯಾವ ಪಕ್ಕ ಎಂದು ಯಾರೂ ಕೇಳಿರಲಿಲ್ಲ.

ದಾಖಲಾತಿ ಪುಸ್ತಕದ ಸಾಕ್ಷ್ಯವನ್ನು ಇದ್ದಂತೆ ಇಲ್ಲಿ ಕೊಡುತ್ತೇನೆ. ಪುಟ್ಟತಾಯಿಯ ಹೆಸರು ಇದೆ, ಎರಡನೆಯ ತರಗತಿ ತೇರ್ಗಡೆ, ನಡತೆ ಉತ್ತಮ. ಶಾಲೆ ಬಿಟ್ಟ ತಾರೀಖು ೧೯೬೦ನೆಯ ಇಸವಿ ಜೂನ್ ಒಂದು. ಬುಧವಾರ, ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಬೆಟ್ಟದ ಪ್ರವಾಸ ಅದರ ಮರುವರ್ಷದ್ದು. ಬಿಟ್ಟ ಕಾರಣ ಎಂಬ ಕಾಲಂ ಖಾಲಿ ಇದೆ. ಶಾಸನವಾಗಿದ್ದರೆ ಇಲ್ಲಿ ಕಲ್ಲು ಒಡೆದಿದೆ, ಅಕ್ಷರಗಳು ನಷ್ಟವಾಗಿವೆ ಎಂದು ಟಿಪ್ಪಣಿ ಬರೆಯುತ್ತಿದ್ದೆ. ಆದರೆ ಕಾಗದ ಎಲ್ಲಿಯೂ ಹರಿದಿಲ್ಲ. ನಾಲ್ಕು ಹಾಳೆ ಮುಂದೆ, ಅದೇ ಕೈಬರಹದಲ್ಲಿ, ಅದೇ ನೇರಳೆ ಶಾಯಿಯಲ್ಲಿ, ಅದೇ ಜೂನ್ ಒಂದರಂದು, ಒಂದನೆಯ ತರಗತಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗನ ಹೆಸರಿದೆ. ಅದು ನನ್ನದು.